ತಂಗಿ ತುಂಬಿಟ್ಟ ಕಪಾಟು

ನಮ್ಮ ಆಸ್ಪತ್ರೆಯ ಬಟ್ಟೆ ಸ್ಟೋರು ನೋಡಿಕೊಳ್ಳುವವಳಿಗೆ ಎಲ್ಲರೂ ಬೀಗದಕ್ಕ ಎನ್ನುತ್ತಿದ್ದರು. ಎದುರಿಗಲ್ಲ, ಬೆನ್ನ ಹಿಂದೆ. ಅವಳಿಗದು ಗೊತ್ತಿತ್ತು, ಗೊತ್ತಿದ್ದೂ ಬೇಸರ ಮಾಡಿಕೊಂಡವಳಲ್ಲ. ಸೊಂಟಕ್ಕೆ ಒಂದು ಗೊಂಚಲು ಬೀಗದಕೈ ಸಿಕ್ಕಿಸಿಕೊಂಡು ಝಣಝಣ ಓಡಾಡುವವಳಿಗೆ ಇನ್ನೇನು ಹೆಸರಿಟ್ಟಾರು? ನಾನು ಅದೇ ಸ್ಟೋರಿನ ಪಕ್ಕದ ಕೋಣೆಯಲ್ಲಿ ಹೊಲಿಗೆ ಮೆಷಿನ್ನಿನ ಮುಂದೆ ಕೂತು ಹರಿದ ಬೆಡ್‌ಶೀಟು, ದಾರ ಕಿತ್ತ ಗೌನು, ದಿಂಬಿನ ಕವರು ಹೊಲಿಯುವವಳು. ನಮ್ಮಿಬ್ಬರ ನಡುವೆ ಒಂದು ಗೋಡೆ, ಆ ಗೋಡೆಯಲ್ಲಿ ಒಂದು ಕಿಂಡಿ. ಹನ್ನೊಂದು ವರ್ಷ ಆ ಕಿಂಡಿಯಲ್ಲೇ ಹರಿದದ್ದು ಬಂತು, ಹೊಲಿದದ್ದು ಹೋಯಿತು. ಮಧ್ಯಾಹ್ನ ಒಂದು ಗಂಟೆಗೆ ಅವಳು ಸ್ಟೋರಿಗೆ ಬೀಗ ಹಾಕಿ, ಎರಡು ಸಲ ಜಗ್ಗಿ ನೋಡಿ, ಊಟಕ್ಕೆ ನನ್ನ ಕೋಣೆಗೆ ಬರುತ್ತಿದ್ದಳು.

ಅವಳ ಹಟದ ಬಗ್ಗೆ ಒಂದು ಮಾತು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಯಾವ ವಾರ್ಡಿನವರು ಬಟ್ಟೆ ಬೇಕೆಂದು ಚೀಟಿ ಕೊಟ್ಟರೂ ಅವಳು ಎಣಿಸಿ, ಕಟ್ಟು ಕಟ್ಟಿ, ಮೇಲೆ ವಾರ್ಡಿನ ನಂಬರು ಚುಚ್ಚಿ ಎಡಗಡೆಯ ಹಲಗೆಯ ಮೇಲಿಡುವಳು. ಅಲ್ಲಿಗೆ ಆ ಕಟ್ಟು ಆ ವಾರ್ಡಿನದು. ಅವರು ಬಂದು ಒಯ್ಯಬೇಕು, ಇಲ್ಲವೇ ಬೇಡವೆಂದು ಬರೆದು ಸಹಿ ಹಾಕಬೇಕು. ಎರಡೂ ಆಗದೆ ಅದನ್ನು ಇನ್ನೊಬ್ಬರಿಗೆ ಕೊಡುವ ಮಾತೇ ಇಲ್ಲ. ಒಮ್ಮೆ ಮೂರನೇ ಮಹಡಿಯ ವಾರ್ಡನ್ನು ರಿಪೇರಿಗೆಂದು ಮುಚ್ಚಿದರು. ಅವರು ಬರೆಸಿದ್ದ ನಲವತ್ತು ಶೀಟಿನ ಕಟ್ಟು ಹಲಗೆಯ ಮೇಲೇ ಉಳಿಯಿತು. ವರ್ಷ ಕಳೆಯಿತು. ಜ್ವರದ ಕಾಲ ಬಂದು ಕೆಳಗಿನ ವಾರ್ಡಿನಲ್ಲಿ ಹಾಸಲು ಶೀಟಿಲ್ಲದೆ ದೊಡ್ಡ ಡಾಕ್ಟರೇ ಇಳಿದು ಬಂದರು.

"ಅಲ್ಲಿ ಕಟ್ಟು ಕಾಣ್ತಿದೆಯಲ್ಲಮ್ಮ, ಅದನ್ನ ಕೊಡಿ."

"ಅದು ಮೂರನೇ ಮಹಡಿಯವರದು ಸಾರ್."

"ಮೂರನೇ ಮಹಡಿಯಲ್ಲಿ ಸಿಮೆಂಟು ಬಿಟ್ರೆ ಇನ್ನೇನಿದೆ ಈಗ?"

"ಬೇಡ ಅಂತ ಅವರು ಬರೆದುಕೊಟ್ಟಿಲ್ಲ ಸಾರ್."

ಕೊನೆಗೆ ಡಾಕ್ಟರೇ ಮೂರನೇ ಮಹಡಿಯವರ ಪರವಾಗಿ ಬೇಡವೆಂದು ಬರೆದು ಸಹಿ ಹಾಕಿದರು. ಅವರ ಮುಖ ಕೆಂಡವಾಗಿತ್ತು. ಇವಳು ತಣ್ಣಗೆ ಚೀಟಿಯನ್ನು ಫೈಲಿಗೆ ಸೇರಿಸಿ, ನಲವತ್ತೂ ಶೀಟನ್ನು ಇನ್ನೊಮ್ಮೆ ಎಣಿಸಿ ಕೊಟ್ಟಳು. ಕಿಂಡಿಯ ಈಚೆ ನಾನು ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದೆ.

ಅವಳಿಗೆ ಒಬ್ಬಳೇ ತಂಗಿ, ಏಳು ವರ್ಷ ಚಿಕ್ಕವಳು. ತಂದೆ ತಾಯಿ ಬೇಗ ಹೋಗಿಬಿಟ್ಟರು, ಅಕ್ಕನೇ ಓದಿಸಿದಳು. ನೀನ್ಯಾಕೆ ಮದುವೆಯಾಗಲಿಲ್ಲ ಎಂದು ಕೇಳಿದವರಿಗೆ "ಪುರುಸೊತ್ತಾಗಲಿಲ್ಲ" ಎಂದು ಬಾಯಿ ಮುಚ್ಚಿಸುತ್ತಿದ್ದಳು. ಅಕ್ಕತಂಗಿ ಇಬ್ಬರೂ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಹದಿನಾರು ವರ್ಷ ಬಾಳಿದರು. ತಂಗಿ ದಿನಸಿಯ ಸಗಟು ಅಂಗಡಿಯೊಂದರಲ್ಲಿ ಬಿಲ್ಲು ಹಾಕುತ್ತಿದ್ದಳು. ಅಲ್ಲಿ ನಜ್ಜುಗುಜ್ಜಾದ ಡಬ್ಬಿ, ಮೂಲೆ ಹರಿದ ಪೊಟ್ಟಣ, ಒಂದು ಕೊಂಡರೆ ಒಂದು ಬಿಟ್ಟಿ ಎನ್ನುವಂಥದ್ದೆಲ್ಲ ಕೆಲಸದವರಿಗೆ ಅರ್ಧ ಬೆಲೆಗೆ ಸಿಗುತ್ತಿತ್ತು. ಅರ್ಧ ಬೆಲೆ ಎಂದರೆ ಆ ಹುಡುಗಿಗೆ ಕಣ್ಣು ಕಾಣುತ್ತಿರಲಿಲ್ಲ. ಮನೆಯಲ್ಲಿ ಇರುವವರು ಇಬ್ಬರು, ಕಪಾಟಿನಲ್ಲಿ ಮಾತ್ರ ಒಂದು ಹಾಸ್ಟೆಲ್ಲಿಗೆ ಆಗುವಷ್ಟು. ತಂದದ್ದರ ಮೇಲೆಲ್ಲ ಕಪ್ಪು ಮಾರ್ಕರ್ ಪೆನ್ನಿನಲ್ಲಿ ತಂದ ತಾರೀಖು ಬರೆಯಬೇಕು, ಅದು ಅಕ್ಕನ ಕಟ್ಟಪ್ಪಣೆ. ಅಡುಗೆ ತಂಗಿಯದು, ಮಿಕ್ಕ ಕೆಲಸ ಅಕ್ಕನದು. ಅಡುಗೆಮನೆಯ ಒಳಗೆ ಬೀಗದಕ್ಕ ಹೆಜ್ಜೆ ಇಡುತ್ತಿದ್ದದ್ದು ನೀರು ಕುಡಿಯಲಿಕ್ಕೆ ಮಾತ್ರ.

ನಲವತ್ತೆರಡನೇ ವಯಸ್ಸಿಗೆ ತಂಗಿಗೆ ಮದುವೆಯಾಯಿತು. ಯಾರೂ ಎಣಿಸಿರಲಿಲ್ಲ. ಹೆಂಡತಿ ತೀರಿಕೊಂಡಿದ್ದ ಒಬ್ಬ ಕನ್ನಡಕದಂಗಡಿಯವರು, ರೈಲಿನಲ್ಲಿ ಆರೇಳು ಗಂಟೆಯ ಊರಿನವರು, ಸಗಟು ಅಂಗಡಿ ಎಂಬ ಬೋರ್ಡು ನೋಡಿ ಕನ್ನಡಕದ ಪೆಟ್ಟಿಗೆ ಸಿಗುತ್ತದೋ ಎಂದು ಕೇಳಲು ಬಂದು ಬಿಲ್ಲು ಹಾಕುವವಳನ್ನು ಕೇಳಿಕೊಂಡು ಹೋದರು. ಒಳ್ಳೆಯ ಮನುಷ್ಯ. ಬೀಗದಕ್ಕ ತಾನೇ ನಿಂತು ಮದುವೆ ಮಾಡಿಸಿದಳು, ರೈಲು ಹತ್ತಿಸಿ ಬಂದಳು, ಮಾರನೇ ದಿನ ಹೊತ್ತಿಗೆ ಸರಿಯಾಗಿ ಸ್ಟೋರು ತೆಗೆದಳು. ತಂಗಿ ಒಂದು ಸೂಟ್‌ಕೇಸು ಮಾತ್ರ ಒಯ್ದಿದ್ದಳು. ಮಂಚ, ಕನ್ನಡಿ, ರೇಡಿಯೋ, ಅರ್ಧ ಬಟ್ಟೆ ಎಲ್ಲ ಅವಳ ಕೋಣೆಯಲ್ಲೇ ಇದ್ದವು.

ಆಮೇಲೆ ಒಂಬತ್ತು ತಿಂಗಳು ಬೀಗದಕ್ಕ ಮಧ್ಯಾಹ್ನ ಕ್ಯಾಂಟೀನಿನ ತಟ್ಟೆ, ರಾತ್ರಿ ಬ್ರೆಡ್ಡು ಬಾಳೆಹಣ್ಣು ಎಂದು ದಿನ ತಳ್ಳಿದಳು. ಕಪಾಟು ಮುಟ್ಟಲಿಲ್ಲ. ಅದು ತಂಗಿಯ ಇಲಾಖೆ.

ಹತ್ತನೇ ತಿಂಗಳಲ್ಲಿ ಎರಡು ಏಟು ಒಟ್ಟಿಗೆ ಬಿದ್ದವು. ಆಸ್ಪತ್ರೆಯವರು ಬಟ್ಟೆ ಒಗೆಯುವುದನ್ನು ಹೊರಗಿನವರಿಗೆ ವಹಿಸಿದರು. ಸ್ಟೋರಿನ ಹೊತ್ತು ಕಡಿಮೆಯಾಗಿ ಅವಳ ಸಂಬಳದಲ್ಲಿ ಮೂರನೇ ಒಂದು ಪಾಲು ಕತ್ತರಿಸಿ ಹೋಯಿತು. ಅದೇ ವಾರ ಮನೆಯ ಮಾಲೀಕ ಬಂದು ಬಾಡಿಗೆ ಏರಿಸುತ್ತೇನೆ, ಮುಂಗಡವೂ ಹೆಚ್ಚು ಬೇಕು, ಮೂರು ತಿಂಗಳು ಟೈಮು ಕೊಡುತ್ತೇನೆ ಎಂದ. ಕಷ್ಟವಾದರೆ ಕೆಳಗೆ ಮೆಟ್ಟಿಲ ಪಕ್ಕ ಒಂದೇ ಕೋಣೆಯ ಮನೆ ಖಾಲಿ ಇದೆ, ಹಳೇ ಬಾಡಿಗೆಗಿಂತ ಕಮ್ಮಿಗೆ ಕೊಡುತ್ತೇನೆ ಎಂದೂ ಹೇಳಿದ. ನ್ಯಾಯವಾದ ಮಾತೇ. ನಾನೂ ಅದನ್ನೇ ಹೇಳಿದೆ.

"ಕೆಳಗಿನದಕ್ಕೆ ಹೋಗಿಬಿಡು. ಒಬ್ಬಳಿಗೆ ಎರಡು ಕೋಣೆ ಯಾಕೆ?"

"ಒಂದು ಅವಳದು."

"ಅವಳಿಗೆ ಗಂಡನ ಮನೆ ಇದೆಯಲ್ಲ."

"ಇದೆ. ಇದೂ ಇದೆ," ಅಂದಳು. "ಬಂದಾಗ ಎಲ್ಲಿ ಮಲಗ್ತಾಳೆ? ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಎಲ್ಲಿಗೆ ಬರ್ತಾಳೆ? ಕೋಣೆ ಬೇಡ ಅಂತ ಅವಳೇನೂ ಹೇಳಿ ಹೋಗಿಲ್ಲ."

ಒಂಬತ್ತು ತಿಂಗಳಲ್ಲಿ ತಂಗಿ ಒಂದು ಸಲವೂ ಬಂದಿರಲಿಲ್ಲ. ಬರುತ್ತೇನೆ ಎಂದು ಒಮ್ಮೆ ಹೇಳಿ, ಗಂಡನ ಅಂಗಡಿಯಲ್ಲಿ ಕೆಲಸವೆಂದು ನಿಲ್ಲಿಸಿದ್ದಳು. ಅದನ್ನು ನಾನು ಬಾಯಿಗೆ ತರಲಿಲ್ಲ. ಹಟ ಹಿಡಿದವಳ ಜೊತೆ ವಾದ ಮಾಡಿ ಹನ್ನೊಂದು ವರ್ಷದಲ್ಲಿ ನಾನು ಗೆದ್ದದ್ದೇ ಇಲ್ಲ.

ಅವಳು ಲೆಕ್ಕ ಹಾಕಿದಳು. ಹೊಟ್ಟೆ ಬಟ್ಟೆ ಕಟ್ಟಿದರೆ ಮುಂಗಡ ಹೊಂದುತ್ತದೆ. ಬಟ್ಟೆ ಹೇಗೂ ಆಸ್ಪತ್ರೆಯ ಕೋಟು, ಉಳಿದದ್ದು ಹೊಟ್ಟೆ. ಆ ಭಾನುವಾರ ತಂಗಿಯ ಕಪಾಟುಗಳನ್ನೂ ಫ್ರೀಜರನ್ನೂ ತೆಗೆದು ಒಂದೊಂದನ್ನೇ ನೆಲದ ಮೇಲೆ ಹರಡಿದಳಂತೆ. ಸೋಮವಾರ ಬಂದು ನನ್ನ ಮುಂದೆ ಪಟ್ಟಿ ಬಿಚ್ಚಿದಾಗ ಬೆಳಗಾಗುವುದರೊಳಗೆ ಗಂಟು ಸಿಕ್ಕಿದವಳ ಹಾಗೆ ಮುಖ ಬೆಳಗುತ್ತಿತ್ತು. ಬಟಾಣಿ ಹನ್ನೊಂದು ಚೀಲ. ಜೋಳದ ಕಾಳು ಆರು. ಮೀನಿನ ತುಂಡು ನಾಲ್ಕು ಪೆಟ್ಟಿಗೆ. ಅಕ್ಕಿ, ಬೇಳೆ, ಓಟ್ಸು, ಸೂಪಿನ ಪುಡಿ, ನೂಡಲ್ಸು, ಜಾಮು. ಲೇಬಲ್ಲು ಕಿತ್ತುಹೋದ ಡಬ್ಬಿ ಹದಿನಾಲ್ಕು.

"ಮೂರು ತಿಂಗಳಿಗೆ ಸಾಕು. ನಾಲ್ಕು ದಿನ ಮಿಗುತ್ತೆ. ಅಂಗಡಿ ಕಡೆ ತಲೆ ಹಾಕೋದೇ ಬೇಡ."

"ಆ ಲೇಬಲ್ಲಿಲ್ಲದ ಡಬ್ಬಿಯಲ್ಲಿ ಏನಿದೆ?"

"ತೆಗೆದಾಗ ಗೊತ್ತಾಗುತ್ತೆ," ಅಂದಳು. ಹೆಸರಿಲ್ಲದ ಸಾಮಾನನ್ನು ಸ್ಟೋರಿನೊಳಗೆ ಬಿಟ್ಟುಕೊಳ್ಳದವಳು ಅವಳು. ಎಷ್ಟು ನೊಂದಿರಬೇಕೋ.

ಹಾಗೆ ಶುರುವಾಯಿತು. ಸ್ಟೋರಿನ ನಿಯಮ ಮನೆಗೂ ಬಂತು: ಮೊದಲು ಬಂದದ್ದು ಮೊದಲು ಹೋಗಬೇಕು. ಬಾಯಿಗೆ ಏನು ಬೇಕು ಎಂಬ ಪ್ರಶ್ನೆಯೇ ಇಲ್ಲ. ತಾರೀಖು ಯಾವುದು ಹಳೆಯದೋ ಅದು ಇವತ್ತಿನ ಊಟ. ಬಟಾಣಿಯ ಹನ್ನೊಂದು ಚೀಲವೂ ಒಂದೇ ದಿನ ಬಂದಿದ್ದವು, ಹಾಗಾಗಿ ಮೂರು ವಾರ ಬಟಾಣಿ. ಬಟಾಣಿ ಬೇಯಿಸಿದ್ದು, ಬಟಾಣಿ ಅನ್ನ, ಬಟಾಣಿ ಜಜ್ಜಿ ಓಟ್ಸಿಗೆ ಬೆರೆಸಿದ್ದು. ಲೇಬಲ್ಲಿಲ್ಲದ ಡಬ್ಬಿಗಳು ತೆರೆದಾಗಲೆಲ್ಲ ಒಂದು ಲಾಟರಿ. ಒಂದು ದಿನ ಅನ್ನಕ್ಕೆ ಹಾಕಿಕೊಳ್ಳಲು ಬೀನ್ಸೆಂದು ತೆಗೆದರೆ ಸಕ್ಕರೆ ಪಾಕದ ಅನಾನಸ್ ಬಂತು. ಅವಳು ಅನ್ನದ ಮೇಲೇ ಸುರಿದುಕೊಂಡಳು. "ತೆರೆದದ್ದು ತೀರಬೇಕು" ಎಂದಳು. ನನ್ನ ಡಬ್ಬಿಯಿಂದ ಒಂದು ತುತ್ತು ಅವಳ ಕಡೆ ತಳ್ಳಿದರೆ ತಕ್ಷಣ ಹಿಂದಕ್ಕೆ ತಳ್ಳುವಳು. ನನ್ನ ಮನೆಯಲ್ಲಿ ಅತ್ತೆ, ಗಂಡ, ಇಬ್ಬರು ಮಕ್ಕಳು. ಊಟದ ಹೊತ್ತಿಗೆ ತಟ್ಟೆಗೆ ತಟ್ಟೆ ತಾಗುತ್ತದೆ. ನಾನು ಕೊಟ್ಟದ್ದು ಅವಳಿಗೆ ಕರುಣೆಯ ರುಚಿಯಾಗಿರಬೇಕು.

ಭಾನುವಾರ ಸಂಜೆ ಅಕ್ಕತಂಗಿಯರ ಫೋನು. ಒಂದು ಭಾನುವಾರ ನಮಗೆ ಡ್ಯೂಟಿ ಬಿದ್ದು ಅದನ್ನು ನಾನು ಕಿವಿಯಾರೆ ಕೇಳಿದೆ. ತಂಗಿ ಏನು ಅಡುಗೆ ಎಂದು ಕೇಳಿರಬೇಕು. ಬೀಗದಕ್ಕ, ಎಂದೂ ಒಂದು ಶೀಟಿನ ಸುಳ್ಳು ಹೇಳದವಳು, ಕಣ್ಣು ಮಿಟುಕಿಸದೆ ಹೇಳಿದಳು: "ಮೀನು ಹುರಿದೆ. ತರಕಾರಿ ಸೂಪು ಮಾಡಿದೆ. ಹಣ್ಣು ಇತ್ತು. ಹೂಂ, ಯಾರಾದ್ರೂ ಬರ್ತಾ ಇರ್ತಾರೆ, ಒಬ್ಬಳೇ ಎಲ್ಲಿರ್ತೀನಿ." ಆಚೆಯಿಂದ ತಂಗಿಯ ನಗು ನನಗೂ ಕೇಳಿಸಿತು. ಸದ್ಯ, ಮನೆ ತುಂಬಿದೆಯಲ್ಲ ಎಂದಳು. ಇವಳ ಮುಂದಿನ ಡಬ್ಬಿಯಲ್ಲಿ ಬಟಾಣಿ ಬಾಯಿ ತೆರೆದುಕೊಂಡು ಕೂತಿತ್ತು.

"ಅಲ್ಲಮ್ಮಾ, ನಿಜ ಹೇಳಿದ್ರೆ ನಿನ್ನ ಗಂಟೇನು ಹೋಗುತ್ತೆ?" ಎಂದೆ.

"ಅವಳಿಗೆ ಅಲ್ಲಿ ಹೊಸ ಸಂಸಾರ. ನನ್ನ ಚಿಂತೆ ಯಾಕೆ ಹೊರಿಸೋದು?"

ಎರಡನೇ ತಿಂಗಳಲ್ಲಿ ಅವಳು ತನ್ನ ಕೋಟು ತಂದು ನನ್ನ ಮೆಷಿನ್ನಿನ ಮೇಲಿಟ್ಟಳು, ಸೊಂಟದಲ್ಲಿ ಸ್ವಲ್ಪ ಹಿಡಿ ಎಂದಳು. ಹಿಡಿದೆ. ನಾಲ್ಕು ವಾರಕ್ಕೆ ಮತ್ತೆ ತಂದಳು. ಮತ್ತೆ ಎರಡು ಬೆರಳು ಹಿಡಿದೆ. "ಯಾರನ್ನ ಮೆಚ್ಚಿಸೋಕೆ ಇಷ್ಟು ತೆಳ್ಳಗಾಗ್ತಿದ್ದೀಯ?" ಎಂದು ರೇಗಿಸಿದೆ ಬೇರೆ. ಅಳತೆಯ ಟೇಪು ನನ್ನ ಕೈಯಲ್ಲೇ ಇತ್ತು, ಅದರ ಮೇಲಿನ ಅಂಕಿ ಓದಿ ಹೇಳಿದವಳೂ ನಾನೇ. ಅದನ್ನು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ತಾರೀಖಿನ ಸಾಲಿನಲ್ಲಿ ತಿನ್ನುತ್ತಾ ಹೋದದ್ದರಿಂದ ಇನ್ನೊಂದಾಯಿತು. ಪ್ರತಿ ಪೊಟ್ಟಣದ ಮೇಲೂ ತಂಗಿಯ ಕೈಬರಹ. ಸೂಪಿನ ಪುಡಿಯ ತಾರೀಖು ನೋಡಿ, "ಇದು ನನಗೆ ಟೈಫಾಯ್ಡ್ ಆದಾಗ ತಂದದ್ದು. ಎಂಟು ದಿನ ಚಮಚದಲ್ಲಿ ಕುಡಿಸಿದಳು," ಎಂದಳು. ನೂಡಲ್ಸು ಬಂದಾಗ, ಮಳೆಗೆ ಇಬ್ಬರೂ ಬಸ್ಸು ತಪ್ಪಿಸಿಕೊಂಡು ನಡೆದು ಬಂದ ದಿನ ಎಂದಳು. ಜಾಮಿನ ಬಾಟಲಿಗಳು ಕನ್ನಡಕದಂಗಡಿಯವರು ಮೊದಲ ಸಲ ಮನೆಗೆ ಬಂದ ವಾರದವು. ಊಟ ಮಾಡುತ್ತಾ ಮಾಡುತ್ತಾ ಅವಳು ತಂಗಿ ಹೊರಟ ದಿನದ ಕಡೆಗೆ ನಡೆಯುತ್ತಿದ್ದಳು. ಕೇಳುತ್ತಾ ನಾನು ನನ್ನ ಡಬ್ಬಿ ಮುಚ್ಚಿಬಿಡುತ್ತಿದ್ದೆ. ಅವಳು ಮಾತ್ರ ಆ ಮಾತು ಆಡುವಾಗಲೇ ಸ್ವಲ್ಪ ಹೊಟ್ಟೆ ತುಂಬಿದವಳಂತೆ ಕಾಣುತ್ತಿದ್ದಳು.

ಮೂರನೇ ತಿಂಗಳ ಮೂರನೇ ವಾರದಲ್ಲಿ ಒಂದು ಬೆಳಗ್ಗೆ ಕಿಂಡಿಯಲ್ಲಿ ಅವಳ ಮುಖ ಕಂಡಿತು. ಕೈಯಲ್ಲಿ ಬಟ್ಟೆ ಇರಲಿಲ್ಲ.

"ಕೊನೇ ತಿಂಗಳದ್ದು ಇಲ್ಲ," ಎಂದಳು.

"ಏನಿಲ್ಲ?"

"ಮದುವೆಗೆ ಮುಂಚಿನ ತಿಂಗಳು ಅವಳು ಏನೂ ತಂದೇ ಇಲ್ಲ. ಒಂದು ಪೊಟ್ಟಣವೂ ಇಲ್ಲ. ನಾನು ಪಟ್ಟಿ ಮಾಡುವಾಗ ಎಷ್ಟು ಅಂತ ಎಣಿಸಿದೆ, ಯಾವ ತಿಂಗಳದ್ದು ಅಂತ ನೋಡಲಿಲ್ಲ." ಕಿಂಡಿಯಿಂದ ಕೈ ತೆಗೆದು, "ಅವಳು ಹೋಗೋಕೆ ಒಂದು ತಿಂಗಳು ಮುಂಚೆನೇ ಹೋಗಿದ್ದಳು," ಎಂದು ತಿರುಗಿದಳು.

ಸಾಮಾನು ಎಣಿಕೆಗಿಂತ ಹನ್ನೆರಡು ದಿನ ಮುಂಚೆಯೇ ಮುಗಿಯುತ್ತಾ ಬಂದಿತ್ತು, ಯಾಕೆಂದರೆ ಹದಿನಾಲ್ಕು ಡಬ್ಬಿಯಲ್ಲಿ ಐದು ಉಬ್ಬಿಕೊಂಡು ಎಸೆಯುವಂತಾದವು. ಅಕ್ಕಿ ಒಂದು ಪಾವು, ಜಾಮು ಅರ್ಧ ಬಾಟಲಿ ಉಳಿದಿದ್ದವು. ಕೊಂಡರೆ ಮುಂಗಡ ಹೊಂದುವುದಿಲ್ಲ. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಕೈಬಿಡುತ್ತಿದ್ದರು. ಅವಳು ಪಾವನ್ನು ಹನ್ನೆರಡು ಪಾಲು ಮಾಡಿದಳು.

ತಂಗಿ ಬಂದದ್ದು ಆ ವಾರವೇ, ಗುರುವಾರ ಮಧ್ಯಾಹ್ನ, ಹೇಳದೆ ಕೇಳದೆ. ಹಳೇ ಅಂಗಡಿಯಿಂದ ಬರಬೇಕಿದ್ದ ಯಾವುದೋ ಕಾಗದಕ್ಕೆ ಸಹಿ ಹಾಕಲು ಬಂದವಳು, ಅಕ್ಕನಿಗೆ ಆಶ್ಚರ್ಯವಾಗಲಿ ಎಂದು ನೇರ ನನ್ನ ಕೋಣೆಯ ಬಾಗಿಲಲ್ಲಿ ನಿಂತಳು. ಮೈ ತುಂಬಿಕೊಂಡಿದ್ದಳು, ಕೆನ್ನೆಗೆ ಬಣ್ಣ ಬಂದಿತ್ತು. ಬೀಗದಕ್ಕ ಡಬ್ಬಿ ತೆರೆದು ಕೂತಿದ್ದಳು. ಒಂದು ಹಿಡಿ ಅನ್ನ, ಅದರ ಮೇಲೆ ಕೆಂಪು ಜಾಮು.

"ಅಕ್ಕಾ, ಇದೇನೇ ಎಳೇ ಮಕ್ಕಳ ಊಟ?" ಎಂದು ತಂಗಿ ನಕ್ಕಳು. ಅಕ್ಕ ಏಳಲು ಹೋಗಿ ಮೇಜು ಹಿಡಿದುಕೊಂಡಳು. ಆಗ ತಂಗಿಯ ನಗು ನಿಂತಿತು. ಅಕ್ಕನ ಕುತ್ತಿಗೆಯ ಮೂಳೆ ನೋಡಿದಳು, ಕೋಟು ನೋಡಿದಳು, ಆಮೇಲೆ ನನ್ನ ಕಡೆ ತಿರುಗಿದಳು.

"ಏನಾಗಿದೆ ಇವಳಿಗೆ? ನೀವಾದ್ರೂ ಹೇಳಿ."

ಬೀಗದಕ್ಕ ಕಣ್ಣಲ್ಲೇ ನನ್ನನ್ನು ತಡೆದಳು. ಮೂರು ತಿಂಗಳು ತಡೆದುಕೊಂಡದ್ದು ಸಾಕಾಗಿತ್ತು ನನಗೆ. "ನಿನ್ನ ಕೋಣೆಗೆ ಬಾಡಿಗೆ ಕಟ್ಟಬೇಕು ಅಂತ ಉಪವಾಸ ಬಿದ್ದಿದ್ದಾಳೆ. ನೀನು ತುಂಬಿಟ್ಟಿದ್ದು ಮುಗಿದು ಹೋಯಿತು," ಎಂದುಬಿಟ್ಟೆ. ಹೇಳಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಮುಂಚೆಯೇ ಹೇಳಬೇಕಿತ್ತು.

ಅರ್ಧ ದಿನದ ರಜೆ ಬರೆಸಿ ತಂಗಿ ಅಕ್ಕನನ್ನು ಮನೆಗೆ ಕರೆದುಕೊಂಡು ಹೋದಳು. ಅಲ್ಲಿ ನಡೆದದ್ದನ್ನು ಮಾರನೇ ದಿನ ಬೀಗದಕ್ಕ ನನಗೆ ಹೇಳಿದಳು. ಸಾಮಾನಿನ ಪಟ್ಟಿ ಓದುವ ಅದೇ ದನಿ.

ಮನೆಗೆ ಹೋದವಳೇ ತಂಗಿ ಫ್ರಿಜ್ಜು ತೆಗೆದಳು. ಎರಡು ಬಾಟಲಿ ನೀರು. ಫ್ರೀಜರಿನಲ್ಲಿ ಬರೀ ಮಂಜು. ಕಪಾಟಿನ ಹಲಗೆಗಳನ್ನು ಅಕ್ಕ ಒರೆಸಿ ಹೊಸ ಕಾಗದ ಹಾಸಿದ್ದಳು. ಕಾಗದದ ಮೇಲೆ ಏನೂ ಇರಲಿಲ್ಲ. ಆಮೇಲೆ ತನ್ನ ಕೋಣೆಗೆ ಹೋದಳು. ಮಂಚದ ಮೇಲೆ ಸುಕ್ಕಿಲ್ಲದ ಶೀಟು, ಒಗೆದ ದಿಂಬಿನ ಕವರು, ಮಡಿಸಿಟ್ಟ ಹೊದಿಕೆ.

"ಇಲ್ಲಿ ಯಾರು ಮಲಗ್ತಾರೆ? ಯಾರೋ ಬರ್ತಾ ಇರ್ತಾರೆ ಅಂತಿದ್ದೆಯಲ್ಲ?"

"ಯಾರೂ ಬರಲ್ಲ. ನಿನ್ನ ಹಾಸಿಗೆ. ಸೋಮವಾರ ಸೋಮವಾರ ಶೀಟು ಬದಲಾಯಿಸ್ತೀನಿ."

ತಂಗಿ ಸಿಟ್ಟಾದಳಂತೆ. ಅಳುತ್ತಾಳೆ ಅಂದುಕೊಂಡರೆ ಸಿಟ್ಟಾದಳು. "ನಾನು ಕೇಳಿದ್ದೆನಾ? ಕೋಣೆ ಇಟ್ಟಿರು ಅಂತ ಯಾವತ್ತಾದ್ರೂ ಕೇಳಿದ್ದೆನಾ? ನನ್ನ ಸಂಸಾರ ಮುರಿದು ವಾಪಸ್ ಬರ್ತೀನಿ ಅಂತ ಕಾಯ್ತಾ ಕೂತಿದ್ದೀಯಾ?"

ಇಲ್ಲಿಗೆ ಬಂದಾಗ ಬೀಗದಕ್ಕ ಸೊಂಟದ ಗೊಂಚಲು ಬಿಚ್ಚಿ ಮೇಜಿನ ಮೇಲಿಟ್ಟಳು. ನಾನು ಮೆಷಿನ್ನು ನಿಲ್ಲಿಸಿದೆ.

"ಇಲ್ಲ ಅನ್ನಬೇಕಿತ್ತು. ಬಾಯಿ ಬರಲಿಲ್ಲ," ಎಂದಳು. "ಮುರೀಲಿ ಅಂತ ನಾನು ಅಂದುಕೊಂಡಿಲ್ಲ, ಅಷ್ಟು ಕೆಟ್ಟವಳಲ್ಲ. ಆದರೆ ಭಾನುವಾರ ಫೋನಲ್ಲಿ ಅವಳ ದನಿ ಸ್ವಲ್ಪ ಮಂಕಾಗಿದ್ರೆ, ಅವತ್ತು ನನಗೆ ಚೆನ್ನಾಗಿ ನಿದ್ದೆ ಬರ್ತಿತ್ತು. ಅದನ್ನ ಅವಳಿಗೂ ಹೇಳಿಬಿಟ್ಟೆ."

ಅಂಥ ಮಾತು ಹೇಳಲು ಎಷ್ಟು ಎದೆಗಾರಿಕೆ ಬೇಕು. ನಾನಾಗಿದ್ದರೆ ಅದನ್ನು ನನಗೆ ನಾನೇ ಹೇಳಿಕೊಳ್ಳುತ್ತಿರಲಿಲ್ಲ.

ತಂಗಿ ಆಗ ಮಂಚದ ಮೇಲೆ ಕೂತಳಂತೆ. ಕೂತು ತನ್ನ ಕಡೆಯದನ್ನೂ ಹೇಳಿದಳು. ಕೊನೆಯ ತಿಂಗಳು ಅವಳು ಸಾಮಾನು ಕೊಂಡಿದ್ದಳು. ಎಲ್ಲವನ್ನೂ ಕನ್ನಡಕದಂಗಡಿಯವರ ಕೈಯಲ್ಲಿ ಆ ಮನೆಗೆ ಕಳಿಸಿದ್ದಳು. ಮಂಚ, ಕನ್ನಡಿ, ರೇಡಿಯೋ ಬಿಟ್ಟು ಹೋದದ್ದು ವಾಪಸ್ಸು ಬರಲಿಕ್ಕಲ್ಲ. ಎಲ್ಲ ಒಯ್ದರೆ ಅಕ್ಕನಿಗೆ ಕೋಣೆ ಬಿಕೋ ಎನ್ನುತ್ತದೆ ಎಂದು. ಬರುತ್ತೇನೆ ಎಂದು ಹೇಳಿ ಬರದೆ ಇದ್ದದ್ದು ಕೆಲಸವಿದ್ದು ಅಲ್ಲ. ಕೋಣೆ ಬೇಡ ಎಂದು ಬಾಯಿಬಿಟ್ಟು ಹೇಳುವ ಧೈರ್ಯವಿಲ್ಲದೆ.

"ನನಗೆ ಈ ಕೋಣೆ ಬೇಡ ಅಕ್ಕಾ," ಎಂದಳಂತೆ ಕೊನೆಗೆ. "ಅಲ್ಲಿ ನಾನು ಚೆನ್ನಾಗಿದ್ದೀನಿ. ಚೆನ್ನಾಗಿದ್ದೀನಿ ಅಂತ ನಿನ್ನ ಮುಂದೆ ಹೇಳೋಕೇ ನನಗೆ ಭಯ."

ಹದಿನಾರು ವರ್ಷ ಒಂದೇ ಸೂರಿನ ಕೆಳಗಿದ್ದು ಒಬ್ಬರಿಗೊಬ್ಬರು ಇಷ್ಟು ಹೆದರಿಕೊಂಡಿದ್ದರು. ಇವಳು ತಾನು ನವೆಯುತ್ತಿದ್ದೇನೆ ಎಂದು ಹೇಳಲಿಲ್ಲ, ಅವಳು ತಾನು ಸುಖವಾಗಿದ್ದೇನೆ ಎಂದು ಹೇಳಲಿಲ್ಲ. ನನಗೆ ಇಬ್ಬರ ಮೇಲೂ ಸಿಟ್ಟು ಬಂತು.

ಆಮೇಲೆ ಮಂಚದ ಶೀಟು ತೆಗೆದು ಇಬ್ಬರೂ ಎರಡು ತುದಿ ಹಿಡಿದು ಮಡಿಸಿದರಂತೆ. ದೊಡ್ಡ ಶೀಟನ್ನು ಒಬ್ಬರೇ ಮಡಿಸಿದರೆ ನೆಲಕ್ಕೆ ತಾಗುತ್ತದೆ, ನಮ್ಮ ಸ್ಟೋರಿನಲ್ಲೂ ಅದಕ್ಕೆ ಇಬ್ಬರು ಬೇಕು. ಕೊನೆಯ ಮಡಿಕೆಗೆ ಹತ್ತಿರ ಬಂದಾಗ ತಂಗಿ ಅಕ್ಕನ ಕೈ ಹಿಡಿದುಕೊಂಡು, ನಮ್ಮ ಜೊತೆ ಬಂದುಬಿಡು, ಅವರೂ ಹೇಳ್ತಿರ್ತಾರೆ ಎಂದಳು. ಬರುವುದಿಲ್ಲ ಎಂದು ಅಕ್ಕ ಹೇಳಿದಳು. ಅಂಗಡಿಗೆ ಹೋಗಿ ಸಾಮಾನು ತುಂಬಿಸಿ ಕೊಡುತ್ತೇನೆ ಎಂದಳು ತಂಗಿ. ಅದೂ ಬೇಡ ಎಂದಳು ಅಕ್ಕ. ಸ್ಟೇಷನ್ನಿನ ದಾರಿಯಲ್ಲಿ ಒಂದು ಹೋಟೆಲಿನಲ್ಲಿ ಎದುರುಬದುರು ಕೂತು ಊಟ ಮಾಡಿದರು, ಅಕ್ಕನ ತಟ್ಟೆ ಖಾಲಿಯಾಗುವವರೆಗೂ ತಂಗಿ ಏಳಲಿಲ್ಲ. ಸಂಜೆಯ ರೈಲಿಗೆ ತಂಗಿ ಹೊರಟಳು. ಮಂಚ ಯಾರಿಗಾದರೂ ಕೊಟ್ಟುಬಿಡು ಎಂದಳು. ರೇಡಿಯೋ ನೀನು ಇಟ್ಟುಕೋ ಎಂದಳು.

"ರೈಲು ಹೋದ ಮೇಲೆ ಮನೆಗೆ ಬಂದು ಮಾಲೀಕನ ಬಾಗಿಲು ತಟ್ಟಿದೆ. ತಿಂಗಳ ಕೊನೆಗೆ ಕೆಳಗಿನ ಕೋಣೆಗೆ ಇಳಿದುಹೋಗ್ತೀನಿ ಅಂದೆ. ಅವನು ಖುಷಿಯಾದ," ಎಂದು ಬೀಗದಕ್ಕ ಮುಗಿಸಿದಳು.

"ನಿನಗೆ ಹೇಗನ್ನಿಸ್ತು?"

"ಇಷ್ಟು ದಿನ ಹಸಿವಿತ್ತು, ಆದ್ರೆ ಏನೋ ಕೆಲಸ ಮಾಡ್ತಿದ್ದೀನಿ ಅನ್ನಿಸ್ತಿತ್ತು. ಈಗ ಬರೀ ಹಸಿವು."

ಅವತ್ತು ಸಂಜೆ ನಾನು ಅವಳನ್ನು ಬಿಡಲಿಲ್ಲ. ಕೋಟು ಕಳಚಿಸಿ, ತೋಳು ಹಿಡಿದುಕೊಂಡು ಬಸ್ ನಿಲ್ದಾಣದ ಹಿಂದಿನ ತರಕಾರಿ ಅಂಗಡಿಗೆ ಕರೆದುಕೊಂಡು ಹೋದೆ. ಮೂರು ತಿಂಗಳ ಮೇಲೆ ಹಸಿ ತರಕಾರಿಯ ಮುಂದೆ ನಿಂತಿದ್ದಳು. ಪ್ಲಾಸ್ಟಿಕ್ ಬುಟ್ಟಿ ಹಿಡಿದು, ಬೀನ್ಸಿನ ರಾಶಿಗೆ ಕೈ ಹಾಕಿ ಎರಡು ಬೊಗಸೆ ತುಂಬಿಕೊಂಡಳು. ಟೊಮೆಟೊ ಎಂಟು. ಕ್ಯಾರೆಟ್ಟು ಆರು. ತಕ್ಕಡಿಯವರೆಗೆ ಹೋದವಳು ಅಲ್ಲೇ ನಿಂತಳು. ವಾಪಸ್ಸು ಬಂದು ಒಂದು ಬೊಗಸೆ ಬೀನ್ಸು ರಾಶಿಗೆ ಹಾಕಿದಳು. ಟೊಮೆಟೊ ನಾಲ್ಕು ತೆಗೆದಳು, ಮತ್ತೆ ಎರಡು ಸೇರಿಸಿದಳು, ಅವನ್ನೂ ತೆಗೆದಳು. ಅಂಗಡಿಯವನು ನೋಡುತ್ತಾ ನಿಂತ. ನನ್ನ ಹಿಂದೆ ಇಬ್ಬರು ಕಾಯುತ್ತಿದ್ದರು.

"ಏನಮ್ಮ, ಬೇಕಾ ಬೇಡ್ವಾ?"

"ಒಬ್ಬರಿಗೆ ಎಷ್ಟು ಬೇಕಾಗುತ್ತೆ?" ಎಂದು ಅವಳು ಅವನನ್ನೇ ಕೇಳಿದಳು. ನನ್ನ ಕಡೆ ತಿರುಗಿ ನೋಡಿದಳು. ನಾನು ಹುಟ್ಟಿದಾಗಿನಿಂದ ಒಬ್ಬರಿಗೆಂದು ಅಡುಗೆ ಮಾಡಿದವಳಲ್ಲ, ನನಗೂ ಗೊತ್ತಿರಲಿಲ್ಲ.

"ಎಷ್ಟು ದಿನಕ್ಕೆ?" ಎಂದ ಅಂಗಡಿಯವನು.

"ಎರಡು ದಿನಕ್ಕೆ."

ಅವನು ಅವಳ ಬುಟ್ಟಿ ತೆಗೆದುಕೊಂಡು ಇದ್ದದ್ದನ್ನೆಲ್ಲ ಸುರಿದುಬಿಟ್ಟ. ಒಂದು ಹಿಡಿ ಬೀನ್ಸು, ಎರಡು ಟೊಮೆಟೊ, ಒಂದು ಕ್ಯಾರೆಟ್ಟು, ಒಂದು ಈರುಳ್ಳಿ ಹಾಕಿ ತಕ್ಕಡಿಗಿಟ್ಟ. ಅವಳು ಬಗ್ಗಿ ನೋಡಿದಳು. ಬುಟ್ಟಿಯ ತಳ ಕಾಣುತ್ತಿತ್ತು.

"ಇಷ್ಟೇನಾ?" ಎಂದಳು.

ತೂಕ ಸಾಲದೆಂದು ತಗಾದೆ ತೆಗೆಯುತ್ತಿದ್ದಾಳೆ ಅಂದುಕೊಂಡನೋ ಏನೋ, ಅವನು ಮುಖ ಸಿಂಡರಿಸಿಕೊಂಡು ಇನ್ನೊಂದು ಕ್ಯಾರೆಟ್ಟು ಎಸೆದು, "ಮುಂದೆ ಯಾರು?" ಎಂದ.